ಆಲದ ಮರದಿಂದ ಐವತ್ತು ಮೀಟರ್



ಅಪಘಾತವಾದ ಜಾಗದಲ್ಲಿ ಪೊಲೀಸರು ನಡೆಸುವ ಸ್ಥಳ ಮಹಜರು ಠಾಣೆಗಳಿಂದ, ಲೋಕೋಪಯೋಗಿ ಕಚೇರಿಗಳಿಂದ, ಆಸ್ಪತ್ರೆಗಳಿಂದ ಇಲ್ಲಿಗೆ ಬಂದಿರುವ ಬಹುಪಾಲು ಜನರಿಗೆ ಪರಿಚಿತ. ಇಬ್ಬರು ಪಂಚರು, ಒಂದು ಟೇಪು, ಕೈಯಲ್ಲಿ ಗೀಚಿದ ನಕ್ಷೆ. ಪೂರ್ವಕ್ಕೆ ಯಾರದೋ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಊರೊಳಗೆ ಹೋಗುವ ದಾರಿ ಎಂದು ಚೆಕ್ಕುಬಂದಿ. ‘ದೊಡ್ಡ ಆಲದ ಮರದಿಂದ 50 ಮೀಟರ್ ಮುಂದೆ’ ಎಂದು ಬರೆದರೆ ಆ ಸೀಮೆಯವರಿಗೆಲ್ಲ ಜಾಗ ಕಣ್ಣಿಗೆ ಕಟ್ಟುತ್ತದೆ. ಆದರೆ ರಸ್ತೆ ಅಗಲೀಕರಣ ಶುರುವಾದಾಗ ಮೊದಲು ಉರುಳುವುದು ಆ ಮರವೇ. ಮರ ಹೋದಮೇಲೆ ಕಡತದಲ್ಲಿದ್ದ ಜಾಗವೂ ಹೋದಂತೆ. ಅದೇ ತಿರುವಿನಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡವರ ಕಡತ ಒಂದು ಕಪಾಟಿನಲ್ಲಿ, ಮೊನ್ನೆ ತೀರಿಕೊಂಡವರದು ಇನ್ನೊಂದರಲ್ಲಿ. ಎರಡೂ ಒಂದೇ ಜಾಗದ ಸಾವು ಎಂದು ಹೇಳಬಲ್ಲವರು ಯಾರೂ ಇಲ್ಲ.

2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ದಾಖಲಾದವು. 1,68,491 ಜನ ಸತ್ತರು. ಗಂಟೆಗೆ 19 ಜನ.

ಈ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಕೊಡುವ ಕಾರಣ ಅತಿವೇಗ. ವರದಿಯ ಆ ‘ಕಾರಣ’ದ ಕಾಲಂ ತುಂಬುವುದು ಠಾಣೆಯ ಕಡತದಿಂದ. ಠಾಣೆಯ ಕಡತ ಶುರುವಾಗುವುದು ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಸಿದ್ಧ ವಾಕ್ಯದಿಂದ. ಕೇಸು ನಿಲ್ಲಬೇಕಾದರೆ ಒಬ್ಬ ಆರೋಪಿ ಬೇಕು, ಹಾಗಾಗಿ ಬರೆಯುವ ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಚಾಲಕರ ತಪ್ಪು ಇಲ್ಲವೆಂದೂ ಅಲ್ಲ. ಆದರೆ ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಐದಾರು ಚಾಲಕರು ಒಂದೇ ನೂರು ಮೀಟರಿನೊಳಗೆ ‘ಅಜಾಗರೂಕ’ರಾದರೆ ಆ ನೂರು ಮೀಟರನ್ನೂ ವಿಚಾರಿಸಬೇಕಲ್ಲವೇ? ಯಾರ ತಪ್ಪು ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಇಲ್ಲೇ ಏಕೆ’ ಎಂಬ ಪ್ರಶ್ನೆಯನ್ನು ಕೂರಿಸುವುದೇ, ಪ್ರತಿ ಅಪಘಾತವನ್ನೂ ಚುಕ್ಕೆಯಾಗಿ ಗುರುತಿಸುವ ಡಿಜಿಟಲ್ ನಕ್ಷೆಯ ಕೆಲಸ.

ಅದಕ್ಕೆ ಬೇಕಾದ ಸಲಕರಣೆ ಈಗಾಗಲೇ ಕೈಯಲ್ಲಿದೆ. ಮದ್ರಾಸ್ ಐಐಟಿ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ‘ಐರಾಡ್’ ಆ್ಯಪ್ ಮೊದಲು ಪ್ರಯೋಗಕ್ಕೆ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ಥಳದಲ್ಲೇ ನಿಂತು ಫೋನಿನಲ್ಲಿ ವಿವರ ತುಂಬಿದರೆ ಅಕ್ಷಾಂಶ, ರೇಖಾಂಶ, ಫೋಟೊ ಎಲ್ಲವೂ ಸೇರಿಕೊಳ್ಳುತ್ತವೆ. ಅದೇ ದಾಖಲೆಗೆ ರಸ್ತೆ ಎಂಜಿನಿಯರ್, ಸಾರಿಗೆ ಇಲಾಖೆ, ಆಸ್ಪತ್ರೆಯವರು ತಮ್ಮ ತಮ್ಮ ಭಾಗ ಸೇರಿಸಬೇಕು. ಎಡವುವುದು ಇಲ್ಲೇ. ಮಳೆ, ಕತ್ತಲೆ, ಗಾಯಾಳುಗಳ ನರಳಾಟ, ಸುತ್ತ ಜನ. ಅಂಥ ಹೊತ್ತಿನಲ್ಲಿ ಫೋನ್ ತೆಗೆಯಲಾಗದೆ ಠಾಣೆಗೆ ಮರಳಿದಮೇಲೆ ವಿವರ ತುಂಬಿದರೆ, ಜಾಗ ತಿದ್ದದಿದ್ದಲ್ಲಿ ಚುಕ್ಕೆ ಬೀಳುವುದು ಠಾಣೆಯ ಮೇಲೆ. ಆ ನಕ್ಷೆ ನಂಬಿಕೊಂಡ ಎಂಜಿನಿಯರ್ ಯಾವ ತಿರುವನ್ನು ಸರಿಪಡಿಸಬೇಕು?

ಚುಕ್ಕೆ ಸರಿಯಾದ ಜಾಗದಲ್ಲಿ ಕೂತರೆ ನಕ್ಷೆ ಮಾತಾಡತೊಡಗುತ್ತದೆ. ಸಂಜೆ ಆರರಿಂದ ಒಂಬತ್ತರವರೆಗಿನ ಚುಕ್ಕೆಗಳನ್ನಷ್ಟೇ ಉಳಿಸಿ ನೋಡಿದಾಗ ಗುಂಪು ಕರಗದೆ ಹಾಗೇ ನಿಂತರೆ ಬೀದಿದೀಪ ನೋಡಿ ಬರಬೇಕು. ಮಳೆಗಾಲದ ಚುಕ್ಕೆಗಳೇ ಹೆಚ್ಚಿದ್ದರೆ ಡಾಂಬರು ಎಷ್ಟು ನುಣುಪಾಗಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಪಾದಚಾರಿಗಳ ಸಾವು ಒಂದೇ ಸಾಲಿನಲ್ಲಿ ಬಿದ್ದಿದ್ದರೆ, ಹೆದ್ದಾರಿಯ ಆ ಕಡೆ ಊರು, ಈ ಕಡೆ ಹೊಲವೋ ಶಾಲೆಯೋ ಇದ್ದು, ದಾಟಲು ಬೇರೆ ದಾರಿಯಿಲ್ಲದೆ ಜನ ವಿಭಜಕ ಹತ್ತಿ ಇಳಿಯುತ್ತಿರಬಹುದು. ಉತ್ತರ ಸಿಗುವುದು ಅಲ್ಲಿಗೆ ಹೋಗಿ ಅರ್ಧ ದಿನ ನಿಂತವರಿಗೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ ನಿಲ್ಲಬೇಕು ಎಂಬುದನ್ನು ನಕ್ಷೆ ತಿಳಿಸುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 119 ಕಿಲೋಮೀಟರ್ ಉದ್ದದ ಈ ರಸ್ತೆ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಪೊಲೀಸರ ಲೆಕ್ಕದಂತೆ ಆ ಒಂದೇ ವರ್ಷ ಸತ್ತವರು 188. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥ ಬಂದ್ ಆಯಿತು, ಮುಂದೆ ವೇಗ ಅಳೆಯುವ ಕ್ಯಾಮೆರಾಗಳು ಬಂದವು. 2024ರಲ್ಲಿ ಸಾವು 50ಕ್ಕೆ ಇಳಿಯಿತು. ನಿಜಕ್ಕೂ ದೊಡ್ಡ ಇಳಿಕೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಮುಖ್ಯ ಪಥದಿಂದ ಹೊರಬಿದ್ದ ಮದ್ದೂರು, ಮಂಡ್ಯ ಕಡೆಯ ಬೈಕು ಸವಾರರು ಈಗ ಸರ್ವಿಸ್ ರಸ್ತೆಯಲ್ಲಿದ್ದಾರೆ. ಅಲ್ಲಿನ ಚುಕ್ಕೆಗಳನ್ನೂ ಅದೇ ನಕ್ಷೆಯ ಮೇಲೆ ಇಟ್ಟಾಗ ಮಾತ್ರ ಎಷ್ಟು ಜೀವ ಉಳಿಯಿತು, ಅಪಾಯ ಎಷ್ಟು ಪಕ್ಕದ ರಸ್ತೆಗೆ ಸರಿಯಿತು ಎಂಬುದು ಗೊತ್ತಾಗುತ್ತದೆ.

ಇನ್ನು ಪದೇ ಪದೇ ಅಪಘಾತವಾಗುವ ಜಾಗಗಳ ‘ಬ್ಲ್ಯಾಕ್ ಸ್ಪಾಟ್’ ಪಟ್ಟಿಯ ಮಾತು. ಆ ಪಟ್ಟಿಗೆ ಸೇರಲು ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಅಂದರೆ ಅಂಥ ನಾಲ್ಕು ಅಪಘಾತಗಳಲ್ಲಿ ಒಂಬತ್ತು ಜನ ಸತ್ತಿದ್ದರೆ ಆ ಜಾಗ ಪಟ್ಟಿಗೆ ಬರುವುದಿಲ್ಲ. ದುಡ್ಡು ಕಡಿಮೆ ಇರುವಾಗ ಎಲ್ಲಾದರೂ ಗೆರೆ ಎಳೆಯಲೇಬೇಕು, ಸರಿ. ಆದರೆ ಐದನೆಯ ಅಪಘಾತಕ್ಕೆ ಕಾಯುವುದು ಮನುಷ್ಯರು ಮಾಡುವ ಕೆಲಸವಲ್ಲ. ಚುಕ್ಕೆಯೇ ಇಲ್ಲದ ಜಾಗವೂ ಸುರಕ್ಷಿತವೆಂದು ಹೇಳಲಾಗದು. ದಾಟಲು ಹೆದರಿ ಮುದುಕರು, ಮಕ್ಕಳು ಆ ಕಡೆ ಹೋಗುವುದನ್ನೇ ಬಿಟ್ಟಿರಬಹುದು. ಆ ಭಯವನ್ನು ಯಾವ ಆ್ಯಪೂ ದಾಖಲಿಸುವುದಿಲ್ಲ, ಊರವರನ್ನೇ ಕೇಳಬೇಕು.

ಪಕ್ಕದ ತಮಿಳುನಾಡು ಇಂಥ ನಕ್ಷೆಯ ಕೆಲಸವನ್ನು ದೇಶಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ ಆರಂಭಿಸಿತ್ತು. 2016ರಲ್ಲಿ ಅಲ್ಲಿ 17,218 ಜನ ಸತ್ತಿದ್ದರು.  2022ರಲ್ಲಿ 17,884. ನಕ್ಷೆಯೊಂದೇ ಸಾಲದು, ಅದರ ಜೊತೆಗೆ ಆಂಬುಲೆನ್ಸ್, ತಪಾಸಣೆ, ರಸ್ತೆ ದುರಸ್ತಿ ಎಲ್ಲವೂ ಕೂಡಬೇಕು.

ಸ್ವೀಡನ್ನಿನಿಂದ ಕಲಿಯಬೇಕಾದದ್ದು ಒಂದಿದೆ. ಅಲ್ಲಿನ ‘ಸ್ಟ್ರಾಡಾ’ ವ್ಯವಸ್ಥೆಗೆ ಪೊಲೀಸರು ಕೊಡುವ ವರದಿಯೂ ಬರುತ್ತದೆ, ತುರ್ತು ಚಿಕಿತ್ಸೆಯ ಆಸ್ಪತ್ರೆಗಳು ಕೊಡುವ ವರದಿಯೂ ಬರುತ್ತದೆ. ಒಬ್ಬನೇ ಸೈಕಲ್ಲಿನಿಂದ ಜಾರಿ ಬಿದ್ದವನು ಠಾಣೆಗೆ ಹೋಗುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾನೆ. ಗುಂಡಿ ತಪ್ಪಿಸಲು ಹೋಗಿ ಕೈ ಮುರಿದುಕೊಂಡ ನಮ್ಮ ಬೈಕು ಸವಾರನ ಕಥೆಯೂ ಅದೇ. ಆ ಮುರಿದ ಕೈಗಳು ನಕ್ಷೆಯ ಮೇಲೆ ಬಂದರೆ ಮುಂದೆ ಸಾವಾಗಬಹುದಾದ ಜಾಗ ಮೊದಲೇ ಕಾಣುತ್ತದೆ.

ಹಾಗಾಗಿ ಈ ಸಭೆಯ ಮಧ್ಯಾಹ್ನದ ಗೋಷ್ಠಿಯ ಮುಂದೆ ಎರಡು ಬೇಡಿಕೆಗಳಿವೆ. ಪ್ರತಿ ಜಿಲ್ಲೆಯ ಅಪಘಾತ ನಕ್ಷೆಯನ್ನು, ಸತ್ತವರ ಹೆಸರು ವಿಳಾಸ ಬಿಟ್ಟು, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಅಂತರಜಾಲದಲ್ಲೂ ಹಾಕಬೇಕು. ಪ್ರತಿ ಚುಕ್ಕೆಯ ಪಕ್ಕದಲ್ಲಿ ಎರಡು ದಿನಾಂಕಗಳಿರಬೇಕು: ಎಂಜಿನಿಯರ್ ಆ ಜಾಗ ನೋಡಿದ ದಿನ, ಕೆಲಸ ಮುಗಿದ ದಿನ. ಎರಡನೆಯ ದಿನಾಂಕ ಖಾಲಿ ಇರುವ ಚುಕ್ಕೆಗಳಿಂದಲೇ ಮುಂದಿನ ವರ್ಷದ ಸಭೆ ಆರಂಭವಾಗಲಿ.