ಗುದನಾಳದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮೊದಲು ಎಂ.ಆರ್.ಐ. ಪರೀಕ್ಷೆ ಏಕೆ?

(ಗೋಗಿಯ ಗ್ರಾಮಸ್ಥರನ್ನು ಉದ್ದೇಶಿಸಿ ಮಾಡಿದ ಭಾಷಣ)



ಇಂದು ನಾನು ಆಯ್ದುಕೊಂಡಿರುವ ವಿಷಯವು ನಾಲ್ಕು ಜನರ ಮುಂದೆ ಆಡಲು ಸಂಕೋಚವೆನಿಸುವಂತಹುದು. ಈ ಸಂಕೋಚವೇ ಅನೇಕರ ಪ್ರಾಣಕ್ಕೆ ಎರವಾಗುತ್ತಿರುವುದರಿಂದ ಮುಚ್ಚುಮರೆಯಿಲ್ಲದೆ ಮಾತನಾಡುವುದು ಅವಶ್ಯಕ. ಮಲದೊಡನೆ ರಕ್ತ ಬಿದ್ದರೆ ಅದನ್ನು ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ, ಖಾರವನ್ನು ಬಿಟ್ಟು, ನಾಟಿ ಔಷಧ ಸೇವಿಸುತ್ತ ತಿಂಗಳುಗಟ್ಟಲೆ ಕಾಲ ಕಳೆಯುವವರು ನಮ್ಮಲ್ಲಿ ಬಹಳ ಮಂದಿ. ಹೆಚ್ಚಿನವರಲ್ಲಿ ಅದು ಮೂಲವ್ಯಾಧಿಯೇ ಇರಬಹುದು. ಆದರೆ ಕೆಲವರಲ್ಲಿ ಅದೇ ರಕ್ತವು ಗುದನಾಳದ ಕ್ಯಾನ್ಸರಿನ ಮೊದಲ ಸೂಚನೆಯಾಗಿರುತ್ತದೆ. ಇವೆರಡರ ಭೇದವನ್ನು ರೋಗಿಯು ತಾನಾಗಿ ಅರಿಯಲಾರನು.

ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ, ಸುಮಾರು 12ರಿಂದ 15 ಸೆಂಟಿಮೀಟರ್ ಉದ್ದದ ಭಾಗ. ಇಲ್ಲಿ ಕ್ಯಾನ್ಸರ್ ಬೆಳೆದಾಗ ರಕ್ತಸ್ರಾವದ ಜೊತೆಗೆ ಮಲವಿಸರ್ಜನೆಯ ಕ್ರಮ ಬದಲಾಗಬಹುದು, ಹೋಗಿ ಬಂದರೂ ಇನ್ನೂ ಉಳಿದಿದೆಯೆಂಬ ಭಾವನೆ ಇರಬಹುದು, ತೂಕ ಇಳಿಯಬಹುದು, ರಕ್ತಹೀನತೆಯಿಂದ ಆಯಾಸ ತೋರಬಹುದು. ಇದು ಮುದುಕರ ರೋಗವೆಂದು ತಿಳಿಯಬೇಡಿ. ನಮ್ಮ ದೇಶದಲ್ಲಿ ನಡುವಯಸ್ಸಿನವರಲ್ಲಿಯೂ ತರುಣರಲ್ಲಿಯೂ ಇದು ಕಂಡುಬರುತ್ತದೆ.

ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸಿದರೆ ಕೆಳಭಾಗದ ಗಡ್ಡೆಗಳು ಅನೇಕ ವೇಳೆ ಕೈಗೆ ಸಿಗುತ್ತವೆ. ತಾಯಂದಿರು ನಾಚಿಕೆಯಿಂದ ಇದನ್ನು ತಪ್ಪಿಸಿಕೊಳ್ಳಬಾರದು. ಮಹಿಳಾ ವೈದ್ಯರನ್ನಾಗಲೀ ದಾದಿಯ ಉಪಸ್ಥಿತಿಯನ್ನಾಗಲೀ ಕೇಳಲು ಸಂಕೋಚಪಡಬೇಕಾಗಿಲ್ಲ. ಅನಂತರ ದುರ್ಬೀನಿನ ಮೂಲಕ ಕರುಳನ್ನು ನೋಡಿ, ಗಡ್ಡೆಯ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಖಚಿತವಾಗುತ್ತದೆ.

ಕ್ಯಾನ್ಸರ್ ಎಂದು ತಿಳಿದೊಡನೆ ಮನೆಯವರು, "ಡಾಕ್ಟರೇ, ನಾಳೆಯೇ ಆಪರೇಷನ್ ಮಾಡಿಬಿಡಿ" ಎಂದು ಒತ್ತಾಯಿಸುವುದು ಸಹಜ. ಇಲ್ಲಿಯೇ ತಾಳ್ಮೆ ಬೇಕು. ಗಡ್ಡೆ ಇದೆಯೆಂದು ತಿಳಿದರೆ ಸಾಲದು. ಅದು ಎಲ್ಲಿಯವರೆಗೆ ಹಬ್ಬಿದೆಯೆಂದು ತಿಳಿಯಬೇಕು. ಇದನ್ನು ತೋರಿಸಿಕೊಡುವುದೇ ಎಂ.ಆರ್.ಐ. ಪರೀಕ್ಷೆ.

ಶಹಾಪುರ ಸೀಮೆಯ ರೈತರಿಗೆ ಕಾಲುವೆಯ ಉದಾಹರಣೆ ಸುಲಭವಾಗಿ ತಿಳಿದೀತು. ಕಾಲುವೆಯ ಗೋಡೆಯಲ್ಲಿ ಬಿರುಕು ಕಂಡಾಗ ನೀರು ಗೋಡೆಯೊಳಗೇ ಇದೆಯೋ, ಏರಿಯ ಮಣ್ಣಿಗೆ ಇಳಿದಿದೆಯೋ, ಏರಿಯ ಹೊರ ಅಂಚನ್ನೇ ಮುಟ್ಟಿದೆಯೋ ಎಂಬುದನ್ನು ನೋಡಿಯಲ್ಲವೇ ದುರಸ್ತಿಯ ಕ್ರಮವನ್ನು ನಿರ್ಧರಿಸುವುದು? ಗುದನಾಳದ ಗೋಡೆಯ ಸುತ್ತ ಕೊಬ್ಬಿನ ಪದರವಿದೆ. ಆ ಕೊಬ್ಬನ್ನು ಒಂದು ತೆಳುವಾದ ಪೊರೆ ಸುತ್ತುವರಿದಿದೆ. ಈ ಪೊರೆಯೇ ಏರಿಯ ಹೊರ ಅಂಚು. ಇಂಗ್ಲೆಂಡಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಅವರು ಗುದನಾಳವನ್ನು ಈ ಪೊರೆ ಹರಿಯದಂತೆ ಕೊಬ್ಬಿನ ಸಮೇತ ತೆಗೆಯುವ ವಿಧಾನದ ಮಹತ್ವವನ್ನು 1982ರಲ್ಲಿ ಪ್ರಕಟಿಸಿದರು. ಇದರಿಂದ ರೋಗವು ಅದೇ ಸ್ಥಳದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಯಿತು.

ಎಂ.ಆರ್.ಐ. ಚಿತ್ರದಲ್ಲಿ ಈ ಪೊರೆಯು ತೆಳುವಾದ ಕಪ್ಪು ಗೆರೆಯಂತೆ ಕಾಣುತ್ತದೆ. ಗಡ್ಡೆಯು ಗೋಡೆಯನ್ನು ದಾಟಿ ಎಷ್ಟು ಮಿಲಿಮೀಟರ್ ಹೊರಬಂದಿದೆ, ಸುತ್ತಲಿನ ರಕ್ತನಾಳಗಳನ್ನು ಹೊಕ್ಕಿದೆಯೇ, ಹಾಲ್ರಸ ಗ್ರಂಥಿಗಳ ಸ್ಥಿತಿ ಹೇಗಿದೆ, ಮಲವನ್ನು ಹಿಡಿದಿಡುವ ಸ್ನಾಯುವಿಗೂ ಗಡ್ಡೆಗೂ ಎಷ್ಟು ಅಂತರವಿದೆ ಎಂಬುದೆಲ್ಲವನ್ನೂ ವೈದ್ಯರು ಅಳೆಯುತ್ತಾರೆ. ಗಡ್ಡೆಯು ಪೊರೆಯಿಂದ 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ದೂರದಲ್ಲಿದ್ದರೆ ಅಪಾಯವೆಂದು ಎಣಿಸುತ್ತಾರೆ. ಯುರೋಪಿನ 4 ದೇಶಗಳಲ್ಲಿ 408 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಅನಂತರ ಅಂಚು ರೋಗಮುಕ್ತವೆಂದು ಕಂಡುಬಂದ 354 ಮಂದಿಯ ಪೈಕಿ 327 ಮಂದಿಯಲ್ಲಿ ಎಂ.ಆರ್.ಐ. ಅದನ್ನು ಮುಂಚಿತವಾಗಿಯೇ ಸರಿಯಾಗಿ ಸೂಚಿಸಿತ್ತು.

ಈ ಅಳತೆಯಿಂದಲೇ ಚಿಕಿತ್ಸೆಯ ದಾರಿ ಕವಲೊಡೆಯುತ್ತದೆ. ಅಂಚು ಸುರಕ್ಷಿತವಾಗಿದ್ದು ರೋಗ ಆರಂಭದಲ್ಲಿದ್ದರೆ ನೇರವಾಗಿ ಶಸ್ತ್ರಚಿಕಿತ್ಸೆ ಮಾಡಬಹುದು. ಅಂಚಿಗೆ ಅಪಾಯವಿದ್ದರೆ ಮೊದಲು ವಿಕಿರಣ ಚಿಕಿತ್ಸೆ ಮತ್ತು ಔಷಧಗಳಿಂದ ಗಡ್ಡೆಯನ್ನು ಕುಗ್ಗಿಸಿ, ಕೆಲವು ವಾರಗಳ ಬಳಿಕ ಮತ್ತೆ ಎಂ.ಆರ್.ಐ. ಮಾಡಿ, ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತಾರೆ. ಸಹಜ ಮಲಮಾರ್ಗವನ್ನು ಉಳಿಸಬಹುದೇ, ಹೊಟ್ಟೆಯ ಮೇಲೆ ಬದಲಿ ಮಾರ್ಗ ಮಾಡಬೇಕೇ ಎಂಬ ತೀರ್ಮಾನಕ್ಕೂ ಈ ಚಿತ್ರವೇ ದೊಡ್ಡ ಆಧಾರ. ಆದುದರಿಂದ ಈ ಪರೀಕ್ಷೆಗಾಗಿ ಕಳೆಯುವ ದಿನಗಳು ವ್ಯರ್ಥವಲ್ಲ.

ಗೋಗಿಯ ಪರಿಸರದಲ್ಲಿ ಯುರೇನಿಯಂ ಅದಿರು ಪತ್ತೆಯಾದಂದಿನಿಂದ 'ವಿಕಿರಣ' ಎಂಬ ಮಾತು ನಿಮಗೆ ಪರಿಚಿತ. ಅದರ ಬಗ್ಗೆ ಅಂಜಿಕೆಯೂ ಸಹಜ. ಎಂ.ಆರ್.ಐ. ಪರೀಕ್ಷೆಯಲ್ಲಿ ಅಂತಹ ವಿಕಿರಣವಾಗಲೀ ಕ್ಷ-ಕಿರಣವಾಗಲೀ ಇರುವುದಿಲ್ಲ. ಪ್ರಬಲವಾದ ಕಾಂತ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ. ನೋವಾಗುವುದಿಲ್ಲ. ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕೊಳವೆಯಂತಹ ಯಂತ್ರದೊಳಗೆ ಅಲುಗಾಡದೆ ಮಲಗಿರಬೇಕು. ಯಂತ್ರವು ಜೋರಾಗಿ ಸದ್ದು ಮಾಡುತ್ತದೆ. ಕಿವಿಗೆ ರಕ್ಷಣೆ ಕೊಡುತ್ತಾರೆ. ಮಾಂಗಲ್ಯ, ಬಳೆ, ಕಾಲುಂಗುರ, ಲೋಹದ ತಾಯಿತಗಳನ್ನು ಆ ಹೊತ್ತಿಗೆ ತೆಗೆದು ಮನೆಯವರ ಕೈಗೆ ಕೊಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ, ದೇಹದಲ್ಲಿ ಲೋಹದ ಚೂರು ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ತಪ್ಪದೆ ಮೊದಲೇ ತಿಳಿಸಬೇಕು.

ಈ ಪರೀಕ್ಷೆಗೂ ಮಿತಿಗಳುಂಟು. ಚಿಕಿತ್ಸೆಯ ಬಳಿಕ ಉಳಿದಿರುವುದು ಗಡ್ಡೆಯೋ ಬರಿಯ ಕಲೆಯೋ ಎಂದು ಹೇಳುವುದು ಕೆಲವೊಮ್ಮೆ ಕಷ್ಟ. ಯಕೃತ್ತು, ಶ್ವಾಸಕೋಶಗಳಿಗೆ ರೋಗ ಹರಡಿದೆಯೇ ಎಂದು ನೋಡಲು ಸಿ.ಟಿ. ಪರೀಕ್ಷೆಯೂ ಬೇಕಾಗುತ್ತದೆ.

ವೆಚ್ಚದ ಚಿಂತೆಯಿಂದ ಹಿಂಜರಿಯಬೇಡಿ. ಮೊದಲು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಚೀಟಿ ಮತ್ತು ಸರ್ಕಾರಿ ವೈದ್ಯರ ಶಿಫಾರಸು ಪತ್ರ ಜೊತೆಯಲ್ಲಿರಲಿ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿಯೂ ಇದೆ.

ಬಂಧುಗಳೇ, ರಕ್ತ ಕಂಡರೆ ಅದನ್ನು ಮುಚ್ಚಿಡಬೇಡಿ, ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಬೇಡಿ, ಕ್ಯಾನ್ಸರ್ ಎಂದು ತಿಳಿದರೆ, "ಎಂ.ಆರ್.ಐ. ಆಗಿದೆಯೇ? ಅಂಚು ಸುರಕ್ಷಿತವಾಗಿದೆಯೇ?" ಎಂದು ವೈದ್ಯರನ್ನು ಕೇಳಿರಿ. ಈ ಪ್ರಶ್ನೆಯನ್ನು ಕೇಳುವ ಹಕ್ಕು ನಿಮಗಿದೆ. ಮನೆಯ ಹಿರಿಯರು ನಾಚಿಕೆಯಿಂದ ಬಾಯಿ ಬಿಡದಿದ್ದರೆ ಮಕ್ಕಳೇ ಕೈಹಿಡಿದು ಆಸ್ಪತ್ರೆಗೆ ಕರೆತರಲಿ. ಸಕಾಲದಲ್ಲಿ ಬಂದವರಲ್ಲಿ ಅನೇಕರು ಗುಣಹೊಂದಿ ತಮ್ಮ ಹೊಲಮನೆಗಳಿಗೆ ಮರಳುತ್ತಾರೆ.