ಬಿದಿರುಮೆಳೆಯ ಕಾಳಗ ಮತ್ತೆ ಕಣ್ಣಿಗೆ ಬಿದ್ದದ್ದು

ಕಿಂಗ್ ಹು ನಿರ್ದೇಶಿಸಿದ ‘ಎ ಟಚ್ ಆಫ್ ಝೆನ್’ ಚಿತ್ರದಲ್ಲಿ ಮೊದಲ ಕತ್ತಿವರಸೆ ನೋಡಬೇಕಾದರೆ ಸುಮಾರು ಒಂದು ಗಂಟೆ ಕಾಯಬೇಕು. ಅಲ್ಲಿಯವರೆಗೆ ಕಾಣುವುದು ಜೇಡರ ಬಲೆ, ಪಾಳುಬಿದ್ದ ಕೋಟೆ, ಗಾಳಿಗೆ ಬಾಗುವ ಆಳೆತ್ತರದ ಹುಲ್ಲು, ಚಿತ್ರ ಬರೆದು ಹೊಟ್ಟೆ ಹೊರೆಯುವ ಒಬ್ಬ ಬಡ ಪಂಡಿತ. ಹೊಡೆದಾಟದ ಸಿನಿಮಾ ಎಂದು ಕುಳಿತವರು ಇಲ್ಲೇ ಎದ್ದುಹೋಗುತ್ತಿದ್ದರೆ ತಪ್ಪು ಅವರದಲ್ಲ, ಅವರ ಕೈಗೆ ಸಿಕ್ಕ ಪ್ರತಿಗಳದು.

ತೈವಾನಿನಲ್ಲಿ ತಯಾರಾದ ಈ ಚಿತ್ರಕ್ಕೆ ಪು ಸೊಂಗ್‌ಲಿಂಗ್‌ನ ಹಳೆಯ ಕಥೆಯೊಂದು ಆಧಾರ. ಚೀನೀ ಹೆಸರಿನ ಅರ್ಥ ‘ವೀರವನಿತೆ’. ಇಂಗ್ಲಿಷ್ ಹೆಸರಿನ ‘ಝೆನ್’ ನಮಗೇನೂ ದೂರದ್ದಲ್ಲ: ‘ಧ್ಯಾನ’ವೇ ಚೀನಾದಲ್ಲಿ ಚಾನ್ ಆಗಿ, ಜಪಾನಿನಲ್ಲಿ ಝೆನ್ ಆಯಿತು. 1975ರಲ್ಲಿ ಕಾನ್ ಉತ್ಸವ ಈ ಚಿತ್ರದ ತಾಂತ್ರಿಕ ಸಾಧನೆಗೆ ಬಹುಮಾನ ಕೊಟ್ಟಿತು. ಆದರೆ ಆ ಸಾಧನೆ ವಿಡಿಯೊ ಕ್ಯಾಸೆಟ್ಟಿಗೆ ಇಳಿಯಲಿಲ್ಲ. ಎತ್ತರದ ಎರಡರಷ್ಟಕ್ಕೂ ಹೆಚ್ಚು ಅಗಲದ ಚಿತ್ರವನ್ನು ಹಳೆಯ ಟಿ.ವಿ.ಯ ಪರದೆ ತುಂಬುವಂತೆ ಕತ್ತರಿಸಿದರೆ ಐದರಲ್ಲಿ ಎರಡು ಪಾಲು ಹೊರಗೇ ಉಳಿಯುತ್ತದೆ. ಎಡತುದಿಯಲ್ಲಿ ಒಬ್ಬ, ಬಲತುದಿಯಲ್ಲಿ ಒಬ್ಬ ನಿಂತು ದಿಟ್ಟಿಸುವ ದೃಶ್ಯದಲ್ಲಿ ಆಗ ಉಳಿಯುವವನು ಒಬ್ಬನೇ!

ಮೂಲ ನೆಗೆಟಿವ್‌ನಿಂದಲೇ ಚಿತ್ರವನ್ನು 4ಕೆ ಮಟ್ಟದಲ್ಲಿ ಪುನರುದ್ಧಾರ ಮಾಡಲಾಯಿತು. ಅದಕ್ಕೆ ಹಣದ ನೆರವು ನೀಡಿದವರು ನಾಯಕಿಯಾಗಿ ನಟಿಸಿದ್ದ ಶೂ ಫೆಂಗ್. ಅದು 2015ರಲ್ಲಿ ಕಾನ್‌ನಲ್ಲಿ ಪ್ರದರ್ಶನಗೊಂಡು, 2016ರಲ್ಲಿ ಬ್ಲೂ-ರೇ ಡಿಸ್ಕಿನಲ್ಲಿ ಮನೆಗಳಿಗೆ ಬಂತು. ಮೂರು ಗಂಟೆಯ ಚಿತ್ರವೆಂದರೆ ಸುಮಾರು 2 ಲಕ್ಷ 59 ಸಾವಿರ ಚೌಕಟ್ಟುಗಳು. ಗೀರು, ಕಲೆ ತೆಗೆಯುವುದು ಶ್ರಮದ ಕೆಲಸ. ಎಲ್ಲಿ ಕೈ ತಡೆಯಬೇಕೆಂಬುದು ವಿವೇಕದ ಕೆಲಸ. ಫಿಲ್ಮಿನ ಸಣ್ಣ ಹರಳುಗಳನ್ನು ಕೊಳೆಯೆಂದು ಉಜ್ಜಿದರೆ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ರಾತ್ರಿಯನ್ನು ಬೆಳಗಿಸಿದರೆ ರಾತ್ರಿಯೇ ಹೋಗುತ್ತದೆ. ಇಲ್ಲಿ ಆ ಅವಿವೇಕ ನಡೆದಿಲ್ಲ. ನೋಡುವವರೂ ಕೋಣೆಯ ದೀಪ ಆರಿಸಿ ಕುಳಿತರೆ ಒಳ್ಳೆಯದು.

ಬಿದಿರುಮೆಳೆಯ ಕಾಳಗವನ್ನೇ ನೋಡಿ. ನಟರು ಹಾರಿದ್ದು ಟ್ರ್ಯಾಂಪೊಲಿನ್ ಮೇಲಿಂದ. ಉಳಿದ ಹಾರಾಟವೆಲ್ಲ ಕತ್ತರಿಯದು. ಕಿಂಗ್ ಹು ಕೆಲವು ತುಣುಕುಗಳನ್ನು ಒಂದು ಸೆಕೆಂಡೂ ನಿಲ್ಲಗೊಡುವುದಿಲ್ಲ: ಒಂದು ಕಾಲು, ಒಂದು ಸೆರಗು, ಎಲೆಗಳ ನಡುವೆ ಬಿಸಿಲಕೋಲು. ಮಸುಕು ಪ್ರತಿಯಲ್ಲಿ ಇದು ಬರೀ ಗಲಿಬಿಲಿ. ಸ್ಪಷ್ಟವಾದ ಪ್ರತಿಯಲ್ಲಿ ಕಣ್ಣು ಹಿಡಿಯುವಷ್ಟರಲ್ಲಿ ತಪ್ಪಿಸಿಕೊಳ್ಳುವ ಸೊಗಸು. ಆಂಗ್ ಲೀ 2000ದಲ್ಲಿ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಿತ್ರದಲ್ಲಿ ಬಿದಿರಿನ ತುದಿಗೇರಿದ್ದು ಈ ಮೆಳೆಯ ನೆನಪಿನಲ್ಲೇ.

ಆದರೂ ಡಿಸ್ಕಿಗೆ ಕೊಟ್ಟ ಹಣ ಸಾರ್ಥಕವಾಗುವುದು ಕೋಟೆಯ ರಾತ್ರಿಯಲ್ಲಿ. ಕತ್ತಿ ಹಿಡಿಯಲಾರದ ಪಂಡಿತ ದೆವ್ವದ ಪುಕಾರು ಹಬ್ಬಿಸಿ, ಬೊಂಬೆ, ಗಂಟೆ, ಹಗ್ಗಗಳ ತಂತ್ರ ಹೂಡಿ ಶತ್ರುಸೈನ್ಯವನ್ನು ಕಂಗೆಡಿಸುತ್ತಾನೆ. ಹಳೆಯ ಪ್ರತಿಗಳಲ್ಲಿ ಇದೆಲ್ಲ ಇದ್ದಿಲ ಮೂಟೆ. ಸದ್ದು ಮಾತ್ರ ಕೇಳುತ್ತಿತ್ತು. ಈಗ ಕಪ್ಪಿನೊಳಗೆ ಕಪ್ಪು ಬೇರೆಬೇರೆಯಾಗಿ ಕಾಣುತ್ತದೆ. ಬೆಳಗಾದ ಮೇಲೆ ಅವನು ತನ್ನ ಬೊಂಬೆಗಳ ನಡುವೆ ಅಡ್ಡಾಡುತ್ತ, ತನ್ನ ಜಾಣತನಕ್ಕೆ ತಾನೇ ಹೊಟ್ಟೆ ಹಿಡಿದು ನಗುತ್ತಾನೆ. ನಗುತ್ತಲೇ ಮುಂದೆ ಹೋದವನಿಗೆ ಹೆಣಗಳು ಕಾಣುತ್ತವೆ, ಒಂದಲ್ಲ, ಹತ್ತಲ್ಲ. ನಗು ನಿಲ್ಲುತ್ತದೆ.