ಹಬ್ಬದ ಪ್ರಬೋಧನೆ: ಸಂಜೆಯ ಬಾಗಿಲು ತೆರೆದಿರಲಿ



ಇಂದು, ಜನವರಿ 31, ಸಂತ ಜಾನ್ ಬೋಸ್ಕೊರವರ ಹಬ್ಬ. ಶುಭಸಂದೇಶದಲ್ಲಿ ಯೇಸುಸ್ವಾಮಿ ಮಗುವೊಂದನ್ನು ಶಿಷ್ಯರ ನಡುವೆ ನಿಲ್ಲಿಸಿ, ಇಂಥವರನ್ನು ಸ್ವೀಕರಿಸುವವನು ತಮ್ಮನ್ನೇ ಸ್ವೀಕರಿಸುತ್ತಾನೆ ಎನ್ನುತ್ತಾರೆ. ಆ ಮಗು ಹದಿನಾರು ವರ್ಷದ ಒರಟು ಹುಡುಗನಾಗಿದ್ದರೆ?

ಇಟಲಿಯ ತುರಿನ್ ನಗರದಲ್ಲಿ ಯುವ ಯಾಜಕ ಬೋಸ್ಕೊ, ಗುರು ಕಫಾಸ್ಸೊರವರೊಡನೆ ಸೆರೆಮನೆಗಳಿಗೆ ಹೋಗುತ್ತಿದ್ದರು. ಬಿಡುಗಡೆಯಾದ ಹುಡುಗರೇ ಮತ್ತೆ ಒಳಗೆ ಬರುವುದನ್ನು ಕಂಡರು. ಹೊರಗೆ ಅವರಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದಂದು ಬಾರ್ತೊಲೊಮಿಯೊ ಗರೆಲ್ಲಿ ಎಂಬ ಅನಾಥ ಹುಡುಗ ದೇವಾಲಯದೊಳಗೆ ಬಂದ. ಪೂಜೆಗೆ ಸಹಾಯ ಮಾಡಲು ಬಾರದೆಂದು ದೇವಾಲಯದ ಸೇವಕ ಅವನನ್ನು ಕೋಲಿನಿಂದ ಹೊಡೆದು ಓಡಿಸಿದ. ಬೋಸ್ಕೊರವರು, "ಅವನು ನನ್ನ ಗೆಳೆಯ" ಎಂದು ವಾಪಸು ಕರೆಸಿದರು. 1846ರಲ್ಲಿ ವಾಲ್ದೊಕ್ಕೊದ ಒಂದು ಕೊಟ್ಟಿಗೆಯಲ್ಲಿ ಈ ಗೆಳೆತನಕ್ಕೆ ನೆಲೆ ಸಿಕ್ಕಿತು. ಭಾನುವಾರ ಪೂಜೆ, ಧರ್ಮೋಪದೇಶ, ಆಟ; ಕೆಲಸ ಮುಗಿದ ಸಂಜೆ ಓದು, ಲೆಕ್ಕ, ಹಾಡು. 1852ರಲ್ಲಿ ಒಬ್ಬ ಹುಡುಗನನ್ನು ಕೆಲಸ ಕಲಿಯಲು ಸೇರಿಸುವಾಗ, ಅವನನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದೆಂದು ಯಜಮಾನನಿಂದ ಬರೆಸಿಕೊಂಡರು. ತಪ್ಪಾದ ಮೇಲೆ ದಂಡಿಸುವುದಲ್ಲ, ವಿವೇಕ, ಧರ್ಮ, ಅಕ್ಕರೆಗಳಿಂದ ಮೊದಲೇ ಕಾಯುವುದು ಅವರ ದಾರಿ.

ಶಾಲಾ ದಿನಗಳಲ್ಲಿ ಹದಿಹರೆಯದವರ ಹಿಂಸಾಕೃತ್ಯಗಳು ಶಾಲೆ ಬಿಟ್ಟ ನಂತರದ ಗಂಟೆಗಳಲ್ಲೇ ಹೆಚ್ಚೆಂದು ಅಮೆರಿಕದ ಪೊಲೀಸ್ ದಾಖಲೆಗಳು ತೋರಿಸಿವೆ. ತಂದೆತಾಯಿ ಇನ್ನೂ ದುಡಿಮೆಯಿಂದ ಮರಳದ ಹೊತ್ತು ಅದು.

ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಸಂಜೆ ಹುಡುಗರು ಗುಡಿಯ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಗದ್ದಲವೆಂದು ದೂರು ಬಂತು. ನಾನು ಗೇಟಿಗೆ ಬೀಗ ಹಾಕಿಸಿದೆ. ಮರುವರ್ಷ ಅವರಲ್ಲೊಬ್ಬ ಹೊಡೆದಾಟದ ಪ್ರಕರಣದಲ್ಲಿ ಸಿಕ್ಕಿಬಿದ್ದ. ಬೀಗವೇ ಕಾರಣವೆಂದು ಹೇಳಲಾರೆ. ಆದರೆ ಅಂದು ಕೋಲು ಹಿಡಿದವನು ನಾನೇ.

ಪ್ರಿಯರೇ, ನಮ್ಮ ಸಭಾಂಗಣ ಸಂಜೆ ಖಾಲಿ ಇರುತ್ತದೆ. ನಿವೃತ್ತ ಶಿಕ್ಷಕರಿದ್ದೀರಿ, ಕಾಲೇಜು ಕಲಿಯುವ ಅಕ್ಕ ಅಣ್ಣಂದಿರಿದ್ದೀರಿ. ವಾರದಲ್ಲಿ ಎರಡು ಗಂಟೆ ಕೊಡಿ. ಜಾತಿ ಧರ್ಮ ಕೇಳದೆ ಓಣಿಯ ಮಕ್ಕಳನ್ನು ಹೆಸರು ಹಿಡಿದು ಕರೆಯಿರಿ. ಬರುವ ಸೋಮವಾರ ಸಂಜೆ ಐದಕ್ಕೆ ಬಾಗಿಲು ನಾನೇ ತೆರೆಯುತ್ತೇನೆ.

ಸಂತ ಜಾನ್ ಬೋಸ್ಕೊರವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.